ಪಾಠ ಫ್ರೀ ಇದೆ, ಕೇಳೋಕೆ ಯಾರಿದ್ದಾರೆ?

ಐಐಟಿ ಪ್ರೊಫೆಸರ್‌ಗಳ ಪಾಠ ಈಗ ಎನ್‌ಪಿಟಿಇಎಲ್, ಸ್ವಯಂ ಅನ್ನೋ ಸರ್ಕಾರಿ ಆನ್‌ಲೈನ್ ಕಲಿಕೆ ತಾಣಗಳಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೋಬೇಕು ಅಂದರೆ ಮಾತ್ರ ಫೀ. ಇದು ಸಣ್ಣ ಮಾತಲ್ಲ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಕೋಚಿಂಗ್‌ಗೆ ಹೋಗೋಕೆ ಎಷ್ಟು ಮನೆಗಳಿಗೆ ಆಗುತ್ತದೆ ಹೇಳಿ?

ನಮ್ಮ ಅಕ್ಕನ ಮಗಳು ಗದಗದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಪೈಥಾನ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆಯ ಇಂಥದೇ ಆನ್‌ಲೈನ್ ಕೋರ್ಸಿಗೆ ಸೇರಿದ್ದಾಳೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಎಲ್ಲಾ ಫೋನಿನಲ್ಲೇ. ಓದಿದ್ದು ಕನ್ನಡ ಮೀಡಿಯಂ. ಹಾಗಾಗಿ ವಿಡಿಯೋದ ವೇಗ 0.75ಕ್ಕೆ ಇಳಿಸಿ, ಸಬ್‌ಟೈಟಲ್ ಹಾಕಿಕೊಂಡು, ತಿಳಿಯದ ಪದಗಳನ್ನು ನೋಟ್‌ಬುಕ್ಕಿನ ಅಂಚಿಗೆ ಬರೆದುಕೊಳ್ಳುತ್ತಾಳೆ. "ಚಿಗವ್ವಾ, ಪಾಠ ತಿಳೀತೈತಿ. ಆದ್ರ ಎಲ್ಲಿ ತಪ್ಪೇನಿ ಅಂತ ಹೇಳಾವ್ರಿಲ್ಲ" ಅಂದಳು. ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕೋಕೆ ಅವಳಿಗೆ ಅಂಜಿಕೆ.

2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಕೋರ್ಸನ್ನು, ಅದನ್ನು ಕಲಿಸುತ್ತಿದ್ದ ಸೆಬಾಸ್ಟಿಯನ್ ಥ್ರನ್, ಪೀಟರ್ ನಾರ್ವಿಗ್ ಆನ್‌ಲೈನಿನಲ್ಲಿ ಜಗತ್ತಿಗೇ ತೆರೆದಿಟ್ಟರು. ಸುಮಾರು 1,60,000 ಜನ ಹೆಸರು ಹಚ್ಚಿದರು. ಮುಗಿಸಿದವರು 23,000ದಷ್ಟು. ಇಂಥ ಕೋರ್ಸುಗಳಲ್ಲಿ ಅದೇ ಜಾಸ್ತಿ! ಎಷ್ಟೋ ಕಡೆ ನೂರಕ್ಕೆ ಹತ್ತು ಮಂದಿಯೂ ಕೊನೆ ಮುಟ್ಟುವುದಿಲ್ಲ. ಕೆಲವರಿಗೆ ಬೇಕಾದ ಎರಡು ಪಾಠ ಸಾಕು, ಅದು ಬೇರೆ ಮಾತು. ಆದರೆ ಬಿಟ್ಟವರೆಲ್ಲ ಸೋಮಾರಿಗಳು ಅನ್ನೋದನ್ನ ನಾನು ಒಪ್ಪಲ್ಲ. ಕಲಿಯುವಾಗ ಪಕ್ಕದಲ್ಲಿ ಒಬ್ಬರು ಬೇಕು, ಅಲ್ವಾ?

ಹುಬ್ಬಳ್ಳಿ, ಗದಗ, ಹಾವೇರಿಯ ಕಾಲೇಜುಗಳು ಸಂಜೆ ಹೊತ್ತು ಲ್ಯಾಬ್ ತೆರೆದಿಟ್ಟು, ಒಬ್ಬ ಸೀನಿಯರ್ ವಿದ್ಯಾರ್ಥಿಯನ್ನು ಕೂರಿಸಿದರೂ ಎಷ್ಟೋ ಮಕ್ಕಳು ದಡ ಸೇರುತ್ತಾರೆ. ಸದ್ಯಕ್ಕೆ, ಗದಗದಲ್ಲಿ ಪೈಥಾನ್ ಬಲ್ಲವರು, ಭಾನುವಾರ ಒಂದು ತಾಸು ಕೊಡುವವರು ಇದ್ದರೆ ದಯವಿಟ್ಟು ನನಗೆ ತಿಳಿಸಿ.