ಅರ್ಧ ನಿಮಿಷದಲ್ಲಿ ಹೇಳು, ನೀನು ಏನು ಮಾಡ್ತೀಯ?

"ಈ ಹುಡುಗ ಅಪ್ಪನ ವಿಷಯ ಹೇಳುವಾಗ ಮುಖ ನೋಡಿ ಮಾತಾಡುತ್ತಾನೆ, ತನ್ನ ವಿಷಯ ಬಂದರೆ ನೆಲ ನೋಡುತ್ತಾನೆ. ಯಾಕೆ?"

ಪಕ್ಕದ ಮನೆಯ ಅಜ್ಜಿ ಹೀಗೆ ಕೇಳಿದಾಗ ನನಗೆ ಚುರುಕ್ ಅಂತು. ಹುಡುಗ ನನ್ನ ಅಕ್ಕನ ಮಗ. ಸಕಲೇಶಪುರದವನು, ಅಮೆರಿಕದ ಸ್ಯಾನ್ ಹೋಸೆಯಲ್ಲಿ ಎಂಎಸ್ ಓದುತ್ತಿದ್ದಾನೆ, ರಜೆ ಸಿಕ್ಕಾಗ ಸನಿವೇಲ್‌ನ ನಮ್ಮ ಮನೆಗೆ ಬರುತ್ತಾನೆ. ಓದು ಮುಗಿಸಿ ಊರಲ್ಲೇ ಕಂಪನಿ ಶುರು ಮಾಡಬೇಕು ಅನ್ನೋದು ಅವನ ಆಸೆ. ಅದಕ್ಕೇ ಇಲ್ಲಿನ ನೆಟ್‌ವರ್ಕಿಂಗ್ ಮೀಟಿಂಗ್‌ಗಳಿಗೆ ಹೋಗುತ್ತಾನೆ. ಅಲ್ಲಿ ಎದುರು ನಿಂತವರು ನಮಗೆ ಕೊಡುವುದು ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಅಷ್ಟರಲ್ಲಿ ಎಲಿವೇಟರ್ ಪಿಚ್, ಅಂದರೆ ನಾನು ಯಾರು, ಏನು ಮಾಡುತ್ತೇನೆ ಅಂತ ಚುಟುಕಾಗಿ ಹೇಳೋದು, ಮುಗಿಯಬೇಕು.

ಅಜ್ಜಿ ಸೇಲ್ಸ್‌ನಲ್ಲಿ ದುಡಿದು ರಿಟೈರ್ ಆದವರು. "ನನ್ನ ಮುಂದೆ ಹೇಳು ನೋಡೋಣ" ಅಂದರು. ಅವನು ಹೆಸರು, ಕಾಲೇಜು, ಬಿಇ ಮಾರ್ಕ್ಸ್, ಆಮೇಲೆ ಐಒಟಿ, ಎಐ, ಪ್ಲಾಟ್‌ಫಾರ್ಮ್ ಅಂತ ಶುರು ಮಾಡಿದ. ಅಜ್ಜಿ ತಡೆದು, "ಅದಿರಲಿ, ನಿಮ್ಮಪ್ಪ ಏನು ಮಾಡುತ್ತಾರೆ?" ಅಂದರು.

ಆಗ ನೋಡಬೇಕಿತ್ತು ಅವನನ್ನು. ಕಣದಲ್ಲಿ ಹರಡಿದ ಕಾಫಿ ಹಣ್ಣು, ರಾತ್ರಿ ಮೋಡ ಕಟ್ಟಿದರೆ ಟಾರ್ಪಾಲು ಹಿಡಿದು ಓಡೋದು, ಒಣಗಿತಾ ಅಂತ ಅಪ್ಪ ಒಂದು ಹಿಡಿ ಎತ್ತಿ ಅಲ್ಲಾಡಿಸಿ ಒಳಗಿನ ಬೀಜದ ಗಲಗಲ ಕೇಳೋದು, ಸ್ವಲ್ಪ ಹಸಿ ಉಳಿದರೂ ಮೂಟೆಯಲ್ಲಿ ಬೂಷ್ಟು ಹಿಡಿದು ವ್ಯಾಪಾರಿ ರೇಟು ಇಳಿಸೋದು, ಎಲ್ಲ ಒಂದೇ ಉಸಿರಿಗೆ ಹೇಳಿದ.

"ಇದನ್ನು ಬಿಟ್ಟು ಮಾರ್ಕ್ಸ್ ಯಾಕೆ ಹೇಳಿದೆ?" ಅಂದರು ಅಜ್ಜಿ. ಅವನು ನನ್ನ ಕಡೆ ತಿರುಗಿ, "ಕಾಲೇಜಲ್ಲಿ ಹಾಗೇ ಕಲಿಸಿದ್ದು ಚಿಕ್ಕಮ್ಮ" ಅಂದ.

ನಿಜ ಅಲ್ವಾ? ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ನಮ್ಮ ಮಕ್ಕಳಿಗೆ ಸೆಲ್ಫ್ ಇಂಟ್ರೊಡಕ್ಷನ್ ಅಂತ ಬಾಯಿಪಾಠ ಮಾಡಿಸುತ್ತಾರೆ. ಅಪ್ಪನ ಹೆಸರು, ಪರ್ಸೆಂಟೇಜು, ಹವ್ಯಾಸ. ನಾನು ಚಿಕ್ಕವಳಿದ್ದಾಗ ಮದುವೆಮನೆಯಲ್ಲಿ ಎಲ್ಲರೂ "ಯಾರ ಮಗಳಮ್ಮ ನೀನು?" ಅಂತ ಕೇಳುತ್ತಿದ್ದರು. ಆ ಪ್ರೀತಿ ಇಲ್ಲಿ ಸಿಗಲ್ಲ, ಅದರ ನೆನಪು ಈಗಲೂ ಕಾಡುತ್ತದೆ. ಆದರೆ ನಿನಗೆ ಏನು ಬರುತ್ತದೆ, ಏನು ಮಾಡಬೇಕು ಅಂತಿದ್ದೀಯ ಅಂತ ಯಾರೂ ಕೇಳಲಿಲ್ಲ. ಹೇಳಲು ಹೋದರೆ ಜಂಬ ಅನ್ನುತ್ತಿದ್ದರು. ಹುಡುಗಿಯರಿಗಂತೂ ಇನ್ನೂ ಜಾಸ್ತಿ.

ಅವತ್ತು ಸಂಜೆ ಇಬ್ಬರೂ ನಮ್ಮ ಊಟದ ಮೇಜಿನ ಮುಂದೆ ಕೂತರು. ಇಂಗ್ಲಿಷಿನಲ್ಲಿ ಸಹಜವಾಗಿ ಮಾತಾಡಿದರೆ ನಿಮಿಷಕ್ಕೆ 130ರಿಂದ 150 ಪದ, ಅಂದರೆ ಅರ್ಧ ನಿಮಿಷಕ್ಕೆ 70ರ ಆಸುಪಾಸು. ಮೊದಲ ವಾಕ್ಯದಲ್ಲೇ ಯಾರಿಗೆ ಏನು ಕಷ್ಟ ಅಂತ ಬರಬೇಕು, ಆಮೇಲೆ ನಿನ್ನ ಕೆಲಸ. ಕೊನೆಗೆ ಒಂದು ಸಣ್ಣ ಕೇಳಿಕೆ ಇರಲಿ, ದುಡ್ಡು ಮಾತ್ರ ಕೇಳಬೇಡ ಅಂದರು ಅಜ್ಜಿ. ಪರಿಚಯವೇ ಇಲ್ಲದವರು ಅರ್ಧ ನಿಮಿಷಕ್ಕೆ ದುಡ್ಡು ಕೊಡಲ್ಲ, ಆದರೆ ಒಂದು ಫೋನ್ ನಂಬರ್ ಕೊಡುತ್ತಾರೆ. ಕೊನೆಗೆ ಬಂದದ್ದು ಇದು:

"ನಮ್ಮಪ್ಪ ಕಾಫಿ ಬೆಳೆಗಾರ. ಕಾಫಿ ಸರಿಯಾಗಿ ಒಣಗಿದೆಯಾ ಅಂತ ಅವರು ಇವತ್ತಿಗೂ ಕಿವಿಯಿಂದ ಅಂದಾಜು ಮಾಡುತ್ತಾರೆ. ತಪ್ಪಿದರೆ ರೇಟು ಬೀಳುತ್ತದೆ. ರಾಶಿಗೆ ಚುಚ್ಚಿದರೆ ತೇವ ಎಷ್ಟಿದೆ ಅಂತ ಫೋನಿಗೆ ತಿಳಿಸುವ ಸಾಧನ ಮಾಡಿದ್ದೇನೆ. ಕಡಿಮೆ ಖರ್ಚಿನಲ್ಲಿ ಸೆನ್ಸರ್ ಮಾಡಿದವರು ನಿಮಗೆ ಗೊತ್ತಾ?"

ಮುಂದಿನ ಮೀಟಿಂಗ್‌ನಲ್ಲಿ ಇದನ್ನೇ ಹೇಳಿದ. ಒಬ್ಬರು "ಮೆಣಸಿಗೂ ಆಗುತ್ತಾ?" ಅಂತ ಕೇಳಿ, ತಮ್ಮ ಹಳೆಯ ಸಹೋದ್ಯೋಗಿಯ ನಂಬರ್ ಕೊಟ್ಟರಂತೆ.

ಊರಲ್ಲಿ ಪಾಠ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನಾಳೆ ಕ್ಲಾಸಿನಲ್ಲಿ ಪರ್ಸೆಂಟೇಜು ಬಿಟ್ಟು ಮನೆಯಲ್ಲಿ ಏನು ಕೆಲಸ, ಅದರಲ್ಲಿ ಏನು ಕಷ್ಟ ಅಂತ ಕೇಳಿ ನೋಡಿ. ಕನ್ನಡದಲ್ಲೇ ಹೇಳಲಿ ಬಿಡಿ.