ನಲಿ ಕಲಿ ಕೋಣೆಯಲ್ಲಿ ಯಾರು ಎಲ್ಲಿ ಕೂರಬೇಕು

ನಮ್ಮ ಶಾಲೆಯ ಸಂದರ್ಶನ ಪುಸ್ತಕದಲ್ಲಿ ‘ತರಗತಿಯಲ್ಲಿ ಶಿಸ್ತು ಸಾಲದು’ ಅನ್ನುವ ಸಾಲೊಂದು ಇದೆ. ಆ ಸಾಲಿನ ಬಗ್ಗೆ ನನಗೆ ಅಷ್ಟೇನೂ ಬೇಜಾರಿಲ್ಲ. ಅದನ್ನು ಬರೆದವರು ಹೇಳಿದ ತಕ್ಷಣ ತಲೆಯಾಡಿಸಿ ಮಕ್ಕಳನ್ನೆಲ್ಲ ಎಬ್ಬಿಸಿ ಬೇರೆ ಕಡೆ ಕೂರಿಸಿದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದು, ಇಬ್ಬರು ಶಿಕ್ಷಕರು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ ಕಲಿ ನನ್ನದು, ನಾಲ್ಕು ಮತ್ತು ಐದು ಮುಖ್ಯ ಶಿಕ್ಷಕರದು. ಅವತ್ತು ಅವರು ತಾಲ್ಲೂಕಿನ ಶಿಕ್ಷಕರ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಮೀಟಿಂಗ್ ಅಂತ ಹೋಗಿದ್ದರು. ಅಲ್ಲಿಗೆ ಐದೂ ತರಗತಿ ನನ್ನ ತಲೆ ಮೇಲೆ. ದೊಡ್ಡವರಿಗೆ ಭಾಗಾಕಾರದ ಲೆಕ್ಕ ಕೊಟ್ಟು, ನಡುವಿನ ಬಾಗಿಲು ತೆರೆದಿಟ್ಟು, ನಾನು ಒಂದನೇ ತಟ್ಟೆಯ ಮಕ್ಕಳ ಜೊತೆ ಚಾಪೆ ಮೇಲೆ ಕೂತಿದ್ದೆ. ತಟ್ಟೆ ಅಂದರೆ ತರಗತಿ ನೋಡದೆ, ಮಗುವಿಗೆ ಎಷ್ಟು ಸಹಾಯ ಬೇಕು ಅಂತ ನೋಡಿ ಮಾಡಿದ ಗುಂಪು. ಒಂದನೆಯದಕ್ಕೆ ಶಿಕ್ಷಕರ ಸಹಾಯ ಪೂರ್ತಿ ಬೇಕು, ಐದನೆಯದರಲ್ಲಿ ಮಕ್ಕಳು ತಾವೇ ಕಲಿಯುತ್ತಾರೆ. ನಾಲ್ಕನೇ ತಟ್ಟೆಯವರು ಜೋರಾಗಿ ಕಾರ್ಡ್ ಓದುತ್ತಿದ್ದರು. ಐದನೇ ತಟ್ಟೆಯವರು ಗೋಡೆಯ ಕಪ್ಪುಹಲಗೆ ಮೇಲೆ ಬರೆಯುತ್ತಿದ್ದರು. ಇಬ್ಬರು ಕಲಿಕೆಯ ಹಂತಗಳನ್ನು ತೋರಿಸುವ ಏಣಿ ಪಟದ ಮುಂದೆ ನಿಂತು ತಮ್ಮ ಮೆಟ್ಟಿಲು ಹುಡುಕುತ್ತಿದ್ದರು. ಗದ್ದಲ ಇತ್ತು, ನಿಜ. ಆದರೆ ಒಂದು ಮಗುವೂ ಸುಮ್ನೆ ಕೂತಿರಲಿಲ್ಲ.

ಆಗ ಬಾಗಿಲಲ್ಲಿ, ಪರಿಶೀಲನೆಗೆ ಬಂದ ಸಾಹೇಬರು.

“ಏನ್ ಮೇಡಂ, ಇದು ಕ್ಲಾಸೋ ಸಂತೆಯೋ? ಒಂದನೇ ಕ್ಲಾಸಿನವರು ಯಾರು, ಮೂರನೇ ಕ್ಲಾಸಿನವರು ಯಾರು ಅಂತಾನೇ ಗೊತ್ತಾಗ್ತಿಲ್ಲ. ಕ್ಲಾಸ್ ಪ್ರಕಾರ ಸಾಲಾಗಿ ಕೂರಿಸಿ.”

“ಸರ್, ಅವರು ತಟ್ಟೆ ಪ್ರಕಾರ ಕೂತಿದ್ದಾರೆ” ಅಂತ ಹೇಳಬೇಕಿತ್ತು. ಬಾಯಿಗೆ ಬಂದದ್ದು “ಸರಿ ಸರ್” ಅಷ್ಟೇ. ಅವರು ಹೋಗುವ ತನಕ ತಾನೆ, ಆಮೇಲೆ ಸರಿ ಮಾಡಿಕೊಂಡರಾಯಿತು ಅಂದುಕೊಂಡೆ.

ಮೂರು ಸಾಲು ಆಯಿತು. ಆಮೇಲಿನ ಹದಿನೈದು ನಿಮಿಷ ಇದೆಯಲ್ಲ, ಬೇಡವೇ ಬೇಡ. ಕಾರ್ಡಿನ ಟ್ರೇಗಳು ಮೂಲೆಯಲ್ಲೇ ಉಳಿದವು. ಕಾರ್ಡ್ ಬೇಕಾದ ಮಗು ಎಲ್ಲರನ್ನೂ ದಾಟಿ ಹೋಗಬೇಕು. ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದ ಮಕ್ಕಳು ಬೇರೆ ಬೇರೆ ಸಾಲಿಗೆ ಬಿದ್ದರು. ಅಲ್ಲಿಯವರೆಗೆ ಪಕ್ಕದವರನ್ನು ಕೇಳುತ್ತಿದ್ದದ್ದೆಲ್ಲ ನನ್ನ ಕಡೆಗೇ ತಿರುಗಿತು. “ಮಿಸ್ ಆಯ್ತು”, “ಮಿಸ್ ಇದೇನು”, “ಮಿಸ್ ರೈಟ್ ಹಾಕಿ”. ಸುತ್ತ ಬರೀ ಸ್ಲೇಟು. ಪಕ್ಕದ ಕೋಣೆಯಲ್ಲಿ ಸ್ಕೇಲಿಗಾಗಿ ಜಗಳ ಶುರುವಾಗಿತ್ತು.

ಎರಡನೇ ತರಗತಿಯಲ್ಲಿ ಒಂದು ಹುಡುಗಿ ಇದ್ದಳು. ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆ ಹೋಗಿ ಬರುವವರು, ಹಾಗಾಗಿ ಅವಳ ಕಲಿಕೆ ಅರ್ಧಕ್ಕೇ ನಿಂತಿತ್ತು. ಇನ್ನೂ ನಲಿ ಕಲಿಯಲ್ಲಿ ಮೊದಲು ಕಲಿಯುವ ರ ಗ ಸ ದ ಅ ಅಕ್ಷರಗಳ ಮೆಟ್ಟಿಲಿನಲ್ಲೇ ಇದ್ದಳು. ಅವತ್ತು ಬೆಳಿಗ್ಗೆ ಅಕ್ಷರದ ಬಿಲ್ಲೆ ಜೋಡಿಸಿ ‘ಗರಗಸ’ ಮಾಡಲು ಕೂತಿದ್ದಳು. ಅವಳ ಡಬ್ಬಿಯಲ್ಲಿ ಗ ಒಂದೇ ಇತ್ತು. ಪಕ್ಕದ ಒಂದನೇ ತರಗತಿಯ ಹುಡುಗನಿಂದ ಇನ್ನೊಂದು ಗ ಇಸ್ಕೊಂಡು ಜೋಡಿಸಿ, ಬೆರಳಿಟ್ಟು ಓದಿ, ನನ್ನ ಕಡೆ ನೋಡಿ ನಕ್ಕಿದ್ದಳು. ಸಾಲು ಮಾಡಿದ ಮೇಲೆ ಅವಳ ಎಡಕ್ಕೂ ಬಲಕ್ಕೂ ವಾಕ್ಯ ಓದುವ ಮಕ್ಕಳು. ಅವಳು ತನ್ನ ಕಾರ್ಡನ್ನು ಮೆಲ್ಲಗೆ ಲಂಗದ ಅಡಿಗೆ ಸರಿಸಿಕೊಂಡಳು. ಸಾಹೇಬರು ಅವಳನ್ನೇ ಎಬ್ಬಿಸಿ ಓದಲು ಹೇಳಿದರು. ತಲೆ ತಗ್ಗಿಸಿ ನಿಂತಳು. “ಎರಡನೇ ಕ್ಲಾಸಿಗೆ ಬಂದರೂ ಅಕ್ಷರ ಬರಲ್ವಾ?” ಅಂದರು. ಗರಗಸ ಓದಿದವಳು ಅವಳು! ಆಗಲೂ ನಾನು ಮಾತಾಡಲಿಲ್ಲ.

ನಲಿ ಕಲಿ ಪದ್ಧತಿ ಮೇಲಿನಿಂದ ಬಂದ ಆದೇಶದಿಂದ ಹುಟ್ಟಿದ್ದಲ್ಲ. 1995ರಲ್ಲಿ ಎಚ್‌.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ್ದು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗೂ ಬಂತು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲೂ 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು. ಅಂದಮೇಲೆ ಒಂದೇ ಕೋಣೆಯಲ್ಲಿ ಹಲವು ಗುಂಪು ಇರುವುದೇ ನಮ್ಮ ಮಾಮೂಲಿ ಶಾಲೆ. ಇದನ್ನು ಪರಿಶೀಲನೆಗೆ ಬರುವವರಿಗೇ ವಿವರಿಸಬೇಕು ಅಂದರೆ ಹೇಗೆ?

ಆದರೆ ಒಂದು ಮಾತು ಹೇಳಲೇಬೇಕು. ಗದ್ದಲ ಅಷ್ಟಿರುವ ಅಗತ್ಯ ಇರಲಿಲ್ಲ. ಆಮೇಲೆ ಕೋಣೆಯಲ್ಲಿ ಮೊದಲು ಬದಲಾಯಿಸಿದ್ದು ನನ್ನ ಜಾಗವನ್ನೇ. ಒಂದನೇ ತಟ್ಟೆ ಕಪ್ಪುಹಲಗೆ ಕೆಳಗಿತ್ತು. ಅಲ್ಲಿ ಕೂತರೆ ಉಳಿದವರಿಗೆಲ್ಲ ನನ್ನ ಬೆನ್ನು. ಈಗ ನಾನು ಹಿಂದಿನ ಗೋಡೆಗೆ ಒರಗಿ ಕೂರುತ್ತೇನೆ. ಒಂದನೇ ತಟ್ಟೆಯ ಮಕ್ಕಳು ನನ್ನ ಕಡೆ ಮುಖ ಮಾಡಿರುತ್ತಾರೆ, ಅವರ ತಲೆ ಮೇಲಿಂದ ಇಡೀ ಕೋಣೆ ಮತ್ತು ನಡುವಿನ ಬಾಗಿಲು ನನಗೆ ಕಾಣುತ್ತದೆ. ಕನ್ನಡ, ಗಣಿತ, ಪರಿಸರದ ಟ್ರೇಗಳು ಒಂದೇ ಕಡೆ ಇದ್ದವು, ನೂಕಾಟ ಅಲ್ಲೇ ಆಗುತ್ತಿತ್ತು. ಮೂರನ್ನೂ ಮೂರು ಗೋಡೆಗೆ ಇಟ್ಟೆ. ಅರ್ಧ ಗಲಾಟೆ ಅಲ್ಲಿಗೇ ನಿಂತಿತು.

ನಾನು ಒಂದನೇ ತಟ್ಟೆಯಲ್ಲಿ ಇರುವಾಗ ಸ್ಲೇಟು ತರುವ ಹಾಗಿಲ್ಲ. ಮಕ್ಕಳ ಕೆಲಸಗಳನ್ನು ತೂಗುಹಾಕುವ ಚಪ್ಪರದ ಕೆಳಗೆ ಇಟ್ಟು ಮುಂದಿನ ಕಾರ್ಡ್ ತಗೋಬೇಕು, ನಾನೇ ಎದ್ದು ಬಂದು ನೋಡುತ್ತೇನೆ. ಇದು ರೂಢಿಯಾಗಲು ಸಾಕಷ್ಟು ದಿನ ಹಿಡಿಯಿತು. ಇನ್ನು ಮಕ್ಕಳಿಗೆ ಮಕ್ಕಳೇ ಸಹಾಯ ಮಾಡುವ ಸಹಪಾಠಿ ತಟ್ಟೆಗೆ, ಹೇಳಿಕೊಡಲು ಜಾಣ ಮಕ್ಕಳನ್ನು ಹಾಕುವುದು ಬಿಟ್ಟೆ. ಅವರು ಬೇಗ ಬೇಗ ಉತ್ತರ ಹೇಳಿಬಿಡುತ್ತಾರೆ. ಅದೇ ಕಾರ್ಡನ್ನು ನಿನ್ನೆ ತಾನೆ ಕಷ್ಟಪಟ್ಟು ಮುಗಿಸಿದ ಮಗು ಎಷ್ಟು ಚೆನ್ನಾಗಿ ಹೇಳಿಕೊಡುತ್ತದೆ ಗೊತ್ತಾ? ಎಲ್ಲಿ ತಪ್ಪುತ್ತದೆ ಅಂತ ಅದಕ್ಕೆ ನೆನಪಿರುತ್ತದೆ. ಆ ಹುಡುಗಿ ಮತ್ತೆ ತಲೆ ಎತ್ತಿದ್ದು ಒಂದನೇ ತರಗತಿಯ ಇಬ್ಬರಿಗೆ ಗರಗಸ ಹೇಳಿಕೊಟ್ಟ ಮೇಲೆ.

ಯಾವ ಚಟುವಟಿಕೆ ಅಂತ ತೋರಿಸುವ ಗುರುತಿನ ಚಿತ್ರ, ಅಂದರೆ ಲೋಗೋ, ಅಳಿಸಿದ ಕಾರ್ಡುಗಳಿಗೆ ನಾನೇ ಬಣ್ಣ ಹಚ್ಚಿ ಸೆಲ್ಲೋಟೇಪ್ ಸುತ್ತುತ್ತೇನೆ. ಹೊಸ ಸೆಟ್ ಯಾವಾಗ ಬರುತ್ತದೋ. ಪಾಠದ ಹೊತ್ತಿನಲ್ಲೇ “ಈಗಲೇ ಎಂಟ್ರಿ ಮಾಡಿ” ಅಂತ ಗ್ರೂಪಿನಲ್ಲಿ ಮೆಸೇಜು ಬಂದರೆ ನೋಡುವುದಿಲ್ಲ. ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಮಾಡುತ್ತೇನೆ.

ಯಾವ ಮಗು ಯಾವ ತಟ್ಟೆ ಅಂತ ಬರೆದ ಹಾಳೆಯನ್ನು ಈಗ ಬಾಗಿಲಿಗೇ ಅಂಟಿಸಿದ್ದೇನೆ. ಬಂದವರು ಸಾಲು ಮಾಡಿ ಅಂದರೆ, “ಮೊದಲು ಒಂದು ತಟ್ಟೆಯವರ ಜೊತೆ ಐದು ನಿಮಿಷ ಕೂತು ನೋಡಿ ಸರ್” ಅನ್ನುತ್ತೇನೆ. ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ನಮ್ಮ ಸಿಆರ್‌ಪಿ ಹಾಗೆ ಚಾಪೆ ಮೇಲೆ ಕೂತು, ಮಕ್ಕಳ ಜೊತೆ ಎರಡು ಕಾರ್ಡ್ ಮುಗಿಸಿಯೇ ಎದ್ದರು.

ನಾಲ್ಕು ಮತ್ತು ಐದರ ಸಮಸ್ಯೆ ಮಾತ್ರ ಬಗೆಹರಿದಿಲ್ಲ. ಮುಖ್ಯ ಶಿಕ್ಷಕರು ಮೀಟಿಂಗ್‌ಗೆ ಹೋದ ದಿನ ಆ ಮಕ್ಕಳಿಗೆ ಲೆಕ್ಕ ಕೊಟ್ಟು ಕೂರಿಸುವುದು ಪಾಠವಲ್ಲ. ಮೀಟಿಂಗನ್ನು ಶನಿವಾರ ಮಧ್ಯಾಹ್ನ ಇಡಿ ಅಂತ ಇಬ್ಬರೂ ಸೇರಿ ಅರ್ಜಿ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.