ಶ್ವಾಸಕೋಶದ ಚೂರು ಬಂದರೆ ಸ್ಲೈಡ್ ಮೊದಲೇ ಜಾಸ್ತಿ ಕತ್ತರಿಸಿ

ನಾನು ಹಿಸ್ಟೊಪೆಥಾಲಜಿ ಲ್ಯಾಬ್‌ನಲ್ಲಿ, ಅಂದರೆ ದೇಹದಿಂದ ತೆಗೆದ ಚೂರುಗಳನ್ನು ಮೈಕ್ರೋಸ್ಕೋಪ್ ಕೆಳಗೆ ಪರೀಕ್ಷಿಸುವ ಕಡೆ, ಟೆಕ್ನಿಷಿಯನ್. ಹೊಸದಾಗಿ ಸೇರಿದ ಹುಡುಗರಿಗೆ ಒಂದು ಮಾತು ಹೇಳಿಯೇ ಹೇಳುತ್ತೇನೆ: ಶ್ವಾಸಕೋಶದ ಬಯಾಪ್ಸಿ ಬ್ಲಾಕನ್ನು (ಚೂರನ್ನು ಕೂರಿಸಿದ ಮೇಣದ ಅಚ್ಚು) ಪದೇಪದೇ ತೆಳ್ಳಗೆ ಕತ್ತರಿಸುವ ಯಂತ್ರವಾದ ಮೈಕ್ರೊಟೋಮ್‌ಗೆ ಏರಿಸಬೇಡಿ.

ಸೂಜಿಯಲ್ಲೋ ಬ್ರಾಂಕೋಸ್ಕೋಪಿಯಲ್ಲೋ (ಶ್ವಾಸನಾಳಕ್ಕೆ ಕೊಳವೆ ಇಳಿಸಿ) ತೆಗೆದ ಚೂರು ಬಹಳ ಸಣ್ಣದು. ಇಳಿಸಿದ ಬ್ಲಾಕ್ ಮತ್ತೆ ಅದೇ ಕೋನದಲ್ಲಿ ಕೂರುವುದಿಲ್ಲ. ಪೂರ್ತಿ ಮುಖ ಕಾಣುವವರೆಗೆ ಹೆರೆಯಬೇಕು. ಹೆರೆದದ್ದೆಲ್ಲ ಕಸದ ಬುಟ್ಟಿಗೆ.

ಮಾಲ್ಟ್ ಲಿಂಫೋಮಾ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಶ್ವಾಸಕೋಶದಲ್ಲೇ ಹುಟ್ಟುವ ಲಿಂಫೋಮಾ ಅಪರೂಪ, ಅಲ್ಲಿನ ಕ್ಯಾನ್ಸರ್‌ಗಳಲ್ಲಿ ಶೇ. 1ರಷ್ಟೂ ಇಲ್ಲ. ಅದರಲ್ಲಿ ಜಾಸ್ತಿ ಸಿಗುವುದು ಮಾಲ್ಟ್. ಬೆಳವಣಿಗೆ ನಿಧಾನ, ಎಷ್ಟೋ ಜನರಿಗೆ ಕೆಮ್ಮೂ ಇರುವುದಿಲ್ಲ. ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಂಡರೆ ನಮ್ಮ ಕಡೆ ಮೊದಲು ನೆನಪಾಗುವುದು ಟಿಬಿ. ಅದರಲ್ಲಿ ತಪ್ಪೇನಿಲ್ಲ ಬಿಡಿ. ಕಫದಲ್ಲಿ ಏನೂ ಸಿಗದಿದ್ದರೂ ಕೆಲವರಿಗೆ 6 ತಿಂಗಳ ಮಾತ್ರೆ ಮುಗಿದಿರುತ್ತದೆ, ಮಚ್ಚೆ ಮಾತ್ರ ಹಾಗೇ ಇರುತ್ತದೆ. ಆಮೇಲೆ ಚೂರು ನಮ್ಮ ಹತ್ತಿರ ಬರುತ್ತದೆ. ಫಾರ್ಮ್‌ನಲ್ಲಿ ಒಂದೇ ಪದ: ‘ಕಾಕ್ಸ್?’, ಅಂದರೆ ಟಿಬಿಯಾ ಅಂತ. ಹಳೇ ಮಾತ್ರೆಯ ಸುದ್ದಿಯೇ ಇಲ್ಲ! ಅದಕ್ಕೇ ನಾನು ವಾರ್ಡ್‌ಗೆ ಫೋನ್ ಮಾಡಿ ಕೇಳಿಬಿಡುತ್ತೇನೆ.

ಮೈಕ್ರೋಸ್ಕೋಪ್ ಕೆಳಗೆ ಕಾಣುವುದು ಬರೀ ಸಣ್ಣ ಲಿಂಫೋಸೈಟ್‌ಗಳು. ಉರಿಯೂತದಲ್ಲೂ ಇವೇ ಇರುತ್ತವೆ. ಬೇರ್ಪಡಿಸಲು ಒಂದೊಂದು ಸ್ಲೈಡ್ ಮೇಲೆ ಒಂದೊಂದು ಬಣ್ಣದ ಪರೀಕ್ಷೆ ಬೇಕು. ಬಿ ಕಣಗಳೇ (ಮಾಲ್ಟ್ ಹುಟ್ಟುವ ಲಿಂಫೋಸೈಟ್ ಬಗೆ) ಹೆಚ್ಚಿವೆಯಾ ಎಂದು ನೋಡಲು ಸಿಡಿ20, ಜೊತೆಗೆ ಟಿ ಕಣಗಳಿಗೆ ಸಿಡಿ3. ಬೇರೆ ಲಿಂಫೋಮಾ ಅಲ್ಲ ಅನ್ನಲು ಸಿಡಿ5, ಸಿಡಿ10, ಸೈಕ್ಲಿನ್ ಡಿ1. ಒಂದೇ ತಳಿಯ ಕಣಗಳಾ ಎಂದು ತಿಳಿಯಲು ಕಪ್ಪಾ, ಲ್ಯಾಂಬ್ಡಾ. ಶ್ವಾಸನಾಳದ ಒಳಪದರಕ್ಕೆ ನುಗ್ಗಿವೆಯಾ ನೋಡಲು ಕೆರಾಟಿನ್. ಟಿಬಿಗೆ ಝೀಲ್ ನೀಲ್ಸನ್ ಇದ್ದೇ ಇದೆ. ಇಷ್ಟೂ ಆ ಚೂರಿನಿಂದಲೇ ಬರಬೇಕು, ಅಲ್ವಾ?

ಹಾಗಾಗಿ ಮೊದಲ ಸಲವೇ, ಮಾಮೂಲಿ ಸ್ಲೈಡ್ ಜೊತೆಗೆ, 3-4 ಮೈಕ್ರಾನ್‌ನ ಬಣ್ಣ ಹಾಕದ ಸೆಕ್ಷನ್‌ಗಳನ್ನು ಚಾರ್ಜ್ಡ್ ಸ್ಲೈಡ್ (ಸೆಕ್ಷನ್, ಅಂದರೆ ಕತ್ತರಿಸಿದ ತೆಳು ಪದರ, ಕಳಚದಂತೆ ಹಿಡಿದಿಡುವ ಗಾಜು) ಮೇಲೆ ಸಾಲಾಗಿ ಹಿಡಿದಿಡಿ. ಚೂರುಗಳು ಮೂರ್ನಾಲ್ಕು ಇದ್ದರೆ ಎರಡು ಕ್ಯಾಸೆಟ್ (ಚೂರು ಇಡುವ ಪುಟ್ಟ ಡಬ್ಬಿ) ಮಾಡಿ. ಚಿಮುಟದಲ್ಲಿ ಗಟ್ಟಿಯಾಗಿ ಹಿಡಿಯಬೇಡಿ. ಲಿಂಫೋಸೈಟ್ ಬೇಗ ನಜ್ಜುಗುಜ್ಜಾಗುತ್ತದೆ, ಆಮೇಲೆ ಯಾವ ಡಾಕ್ಟರಿಗೂ ಓದಲು ಆಗುವುದಿಲ್ಲ.

ಚಾರ್ಜ್ಡ್ ಸ್ಲೈಡ್ ದುಬಾರಿ ಅಂತ ಸ್ಟೋರ್‌ನವರು ಗೊಣಗುತ್ತಾರೆ. ಗೊಣಗಲಿ. ಉಳಿದವನ್ನು ಬ್ಲಾಕ್ ಜೊತೆಗೇ ಇಡಿ. ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಇನ್ನೆಲ್ಲಿಗೋ ಹೊರಟವರು ಬ್ಲಾಕ್, ಸ್ಲೈಡ್ ಎರಡನ್ನೂ ಕೇಳಿಕೊಂಡು ಬರುತ್ತಾರೆ.